ಹೊಲಕ್ಕೆ ಬರುವ ಅತಿಥಿಗಳು: ಮಿತ್ರರೋ, ಶತ್ರುಗಳೋ?

ಜೋಳದ ತೆನೆಗಳಲ್ಲಿ ಹಾಲು ತುಂಬುವ ಕಾಲಕ್ಕೆ ಬಯಲುಸೀಮೆಯ ಹೊಲಗಳತ್ತ ಹೋದವರು ಒಂದು ದೃಶ್ಯವನ್ನು ಕಂಡಿರಬಹುದು. ನಡುಹೊಲದಲ್ಲೊಂದು ಅಟ್ಟಣೆ, ಅದರ ಮೇಲೆ ಕವಣೆ ಹಿಡಿದು ಕೂಗುವ ಕಾವಲುಗಾರ, ಆತನ ಕೂಗಿಗೆ ಒಂದು ಮೂಲೆಯಿಂದೆದ್ದು ಮತ್ತೊಂದು ಮೂಲೆಯಲ್ಲಿ ಇಳಿಯುವ ಗಿಳಿ, ಗುಬ್ಬಚ್ಚಿ, ಗೀಜಗಗಳ ಹಿಂಡು. ಬೆಳೆದವನ ಕಣ್ಣಿಗೆ ಇವೆಲ್ಲವೂ ಕಳ್ಳರೇ. ಈ ತೀರ್ಪು ನ್ಯಾಯವಾದುದೆ? ಸಾಕ್ಷ್ಯವನ್ನು ನಾವು ಪರಿಶೀಲಿಸಿ ನೋಡೋಣ.

ಪ್ರಾಣಿಯೊಂದು ಬೆಳೆಗೆ ಹಿತಕಾರಿಯೋ ಹಾನಿಕಾರಿಯೋ ಎಂಬುದನ್ನು ಅರಿಯಬೇಕಾದರೆ, ಅದು ಏನನ್ನು ತಿನ್ನುತ್ತದೆಂಬುದು ತಿಳಿಯಬೇಕು. ಮೇಸನ್ ಮತ್ತು ಮ್ಯಾಕ್ಸ್‌ವೆಲ್-ಲೆಫ್ರಾಯ್ ಎಂಬ ವಿಜ್ಞಾನಿಗಳು ಹಲವು ಜಾತಿಯ ಹಕ್ಕಿಗಳ ಜಠರಗಳನ್ನು ತೆರೆದು ಪರೀಕ್ಷಿಸಿ, ಭಾರತದ ಹಕ್ಕಿಗಳ ಆಹಾರವನ್ನು ಕುರಿತ ಗ್ರಂಥವನ್ನು 1912ರಲ್ಲಿ ಪ್ರಕಟಿಸಿದರು. ಆದರೆ ಒಂದು ದಿನದ ಊಟವನ್ನು ಕಂಡು ತೀರ್ಮಾನಕ್ಕೆ ಬರಲಾಗದು. ವರ್ಷದ ಲೆಕ್ಕವೇ ಬೇಕು.

ಗೀಜಗವನ್ನೇ ತೆಗೆದುಕೊಳ್ಳೋಣ. ಬೆಳೆದ ಹಕ್ಕಿಗೆ ಕಾಳು ಸಾಕು. ಮರಿಗಾದರೋ ಶೀಘ್ರವಾಗಿ ಬೆಳೆಯಲು ಸಸಾರಜನಕ ಬೇಕು. ಆದಕಾರಣ ತಾಯಿಹಕ್ಕಿಯು ಮಳೆಗಾಲದಲ್ಲಿ ಮಿಡತೆ, ಕಂಬಳಿಹುಳುಗಳನ್ನು ಹಿಡಿದು ತಂದು ಮರಿಗೆ ಉಣಿಸುತ್ತದೆ. ಪೈರು ಎಳೆಯದಾಗಿರುವ ಕಾಲವೂ ಅದೇ. ಗುಬ್ಬಚ್ಚಿಯ ರೀತಿಯೂ ಹೀಗೆಯೇ. ಮಳೆಗಾಲದಲ್ಲಿ ಹೊಲ ಕಾಯ್ದ ಹಕ್ಕಿಯೇ ಸುಗ್ಗಿಯಲ್ಲಿ ಕೂಲಿ ಕೇಳಲು ಬರುತ್ತದೆ. ಕೂಲಿಯು ಕಣ್ಣಿಗೆ ಬೀಳುತ್ತದೆ, ದುಡಿಮೆಯು ಬೀಳುವುದಿಲ್ಲ.

ಕಾಜಾಣದ ವಿಷಯದಲ್ಲಿ ಸಂದೇಹವೇ ಇಲ್ಲ; ಅದು ಕೀಟಭಕ್ಷಕ. ತೊಗರಿ, ಕಡಲೆಯ ಹೊಲಗಳಲ್ಲಿ ಕವಲುಕಡ್ಡಿಗಳನ್ನು ನೆಟ್ಟರೆ, ಅವುಗಳ ಮೇಲೆ ಕುಳಿತು ಕಾಯಿಕೊರಕ ಹುಳುಗಳನ್ನು ಹೆಕ್ಕುತ್ತದೆ. ಗಿಳಿಯ ಪರವಾಗಿ ಹೇಳಲು ಮಾತ್ರ ಹೆಚ್ಚೇನೂ ಇಲ್ಲ. ತಿನ್ನುವುದಕ್ಕಿಂತ ಕತ್ತರಿಸಿ ಕೆಡಹುವುದೇ ಅಧಿಕ.

ಇನ್ನು ಸಸ್ತನಿಗಳು. ಹೊಲದ ಹೆಗ್ಗಣವು ಭತ್ತದ ತೆನೆಗಳನ್ನು ಕತ್ತರಿಸಿ ತನ್ನ ಬಿಲದಲ್ಲಿ ಕೂಡಿಡುತ್ತದೆ. ಆದರೆ ಇಲಿಯಂತೆಯೇ ತೋರುವ ಉದ್ದಮೂತಿಯ ಸೊಂಡಿಲಿಯು ಇಲಿಯ ಕುಲದ್ದಲ್ಲ. ಅದರ ಮುಖ್ಯ ಆಹಾರ ಕೀಟಗಳು. ರೂಪಸಾಮ್ಯದಿಂದಾಗಿ ಪಾಪ, ಅದೂ ಪೆಟ್ಟು ತಿನ್ನುತ್ತದೆ. ಹಗಲು ಮುಂಗುಸಿಯೂ ಇರುಳು ಕಣಜದ ಗೂಬೆಯೂ ಇಲಿಗಳನ್ನು ಬೇಟೆಯಾಡುತ್ತವೆ. ಮಲೇಷ್ಯದ ಎಣ್ಣೆತಾಳೆಯ ತೋಟಗಳಲ್ಲಿ ಈ ಗೂಬೆಗಳಿಗಾಗಿಯೇ ಗೂಡುಪೆಟ್ಟಿಗೆಗಳನ್ನು ಇರಿಸಿರುವುದುಂಟು. ನಮ್ಮಲ್ಲಾದರೋ ಗೂಬೆಯನ್ನು ಅಪಶಕುನವೆಂದು ಕಲ್ಲೆಸೆದು ಓಡಿಸುವವರಿದ್ದಾರೆ!

ಲೆಕ್ಕ ನೋಡದೆ ದಂಡಿಸಿದರೆ ಏನಾದೀತು? ಚೀನದಲ್ಲಿ 1958ರಲ್ಲಿ ಇಲಿ, ನೊಣ, ಸೊಳ್ಳೆಗಳೊಡನೆ ಗುಬ್ಬಚ್ಚಿಯನ್ನೂ ಪೀಡೆಯೆಂದು ಸಾರಿ, ಅವುಗಳ ನಿರ್ಮೂಲನಕ್ಕೆ ಜನರನ್ನು ಹೂಡಲಾಯಿತು. ತಮಟೆ, ಪಾತ್ರೆಗಳನ್ನು ಬಡಿದು, ಹಕ್ಕಿಗಳು ದಣಿದು ಬೀಳುವವರೆಗೂ ಇಳಿಯಗೊಡಲಿಲ್ಲ. ಗುಬ್ಬಚ್ಚಿಗಳು ಮಡಿದವು, ಕೀಟಗಳ ಕಾಟ ಹೆಚ್ಚಿತು. ಗುಬ್ಬಚ್ಚಿಯು ಕೀಟಗಳನ್ನೂ ತಿನ್ನುತ್ತದೆಂದು ಪ್ರಾಣಿವಿಜ್ಞಾನಿಗಳು ತೋರಿಸಿಕೊಟ್ಟ ಮೇಲೆ, 1960ರಲ್ಲಿ ಪಟ್ಟಿಯಿಂದ ಅದನ್ನು ತೆಗೆದು ತಿಗಣೆಯನ್ನು ಸೇರಿಸಲಾಯಿತು. ಆ ವರ್ಷಗಳ ಘೋರ ಕ್ಷಾಮಕ್ಕೆ ಕಾರಣಗಳು ಹಲವು. ಈ ತಪ್ಪೂ ಅವುಗಳಲ್ಲೊಂದು.

ಹಾಗೆಂದು ರೈತನು ನಷ್ಟವನ್ನು ಸುಮ್ಮನೆ ಸಹಿಸಬೇಕೆಂದು ನಾವು ಹೇಳುವುದಿಲ್ಲ. ನೆರೆಹೊರೆಯವರು ಏಕಕಾಲಕ್ಕೆ ಬಿತ್ತಿದರೆ ಹಕ್ಕಿಗಳ ಹಾವಳಿಯು ಒಂದೇ ಹೊಲದ ಮೇಲೆ ಬೀಳದೆ ಹಂಚಿಹೋಗುತ್ತದೆ. ಗದ್ದೆಯ ಬದುಗಳನ್ನು ಕಿರಿದಾಗಿಯೂ ಕಳೆಯಿಲ್ಲದಂತೆಯೂ ಇರಿಸಿದರೆ ಹೆಗ್ಗಣಕ್ಕೆ ನೆಲೆ ತಪ್ಪುತ್ತದೆ. ವಿಷವನ್ನು ಮಾತ್ರ ಎಚ್ಚರದಿಂದ ಬಳಸಬೇಕು. ವಿಷ ತಿಂದ ಇಲಿಯನ್ನು ಗೂಬೆ ತಿಂದರೆ ಗೂಬೆಯೂ ಸಾಯಬಹುದು. ಆಗ ಉಳಿದ ಇಲಿಗಳಿಗೆ ವೈರಿಯೇ ಇಲ್ಲದಂತಾಗುತ್ತದೆ.

ವಿದ್ಯಾರ್ಥಿಗಳು ಈ ವಿಚಾರಣೆಯನ್ನು ತಾವೇ ನಡೆಸಬಹುದು. ಗೂಬೆಯು ತನಗೆ ಜೀರ್ಣವಾಗದ ರೋಮ, ಮೂಳೆಗಳನ್ನು ಉಂಡೆಯಾಗಿ ಉಗುಳುತ್ತದೆ. ಗೂಬೆ ವಾಸಿಸುವ ಪಾಳುಗೋಡೆಯ ಬುಡದಲ್ಲಿ ದೊರೆಯುವ ಇಂತಹ ಒಣ ಉಂಡೆಯನ್ನು ನೀರಿನಲ್ಲಿ ನೆನೆಯಿಸಿ, ಚಿಮಟದಿಂದ ಬಿಡಿಸಿ, ಅದರೊಳಗಿನ ತಲೆಬುರುಡೆಗಳನ್ನು ಎಣಿಸಿರಿ. ಬಳಿಕ ಕೈಗಳನ್ನು ಸೋಪಿನಿಂದ ತೊಳೆಯಿರಿ. ಒಂದು ರಾತ್ರಿಯಲ್ಲಿ ಗೂಬೆಯು ರೈತನಿಗೆ ಮಾಡಿದ ಸೇವೆಯ ಲೆಕ್ಕವು ನಿಮ್ಮ ಅಂಗೈಯಲ್ಲಿರುತ್ತದೆ.