ನಲವತ್ತೆಂಟನೇ ವಯಸ್ಸಿಗೆ ಕ್ಯಾಮರಾ

ಅಕ್ಕಂದಿರೇ, ಗುರುತಿನ ಚೀಟಿಗೆ ಫೋಟೋ ತೆಗೆಸಲು ನಾವು ಎಷ್ಟು ಹೊತ್ತು ಕೂರುತ್ತೇವೆ? ಕಣ್ಣು ಮಿಟುಕಿಸುವಷ್ಟು. ಹಿಂದೆ ಹಾಗಿರಲಿಲ್ಲ. ಎಷ್ಟೋ ಸಲ ಮೂರು, ನಾಲ್ಕು ನಿಮಿಷ ಕದಲದೆ ಕೂರಬೇಕಿತ್ತು. ಆ ಕಾಲದಲ್ಲಿ ಫೋಟೋ ತೆಗೆದ ಒಬ್ಬ ಹೆಂಗಸಿನ ಕಥೆ ಓದೋಣ.

ಅವರ ಹೆಸರು ಜೂಲಿಯಾ ಮಾರ್ಗರೆಟ್ ಕ್ಯಾಮರಾನ್. ಹೆಸರಲ್ಲೇ ಕ್ಯಾಮರಾ ಇದೆಯಲ್ಲ ಅಂತ ನಗಬೇಡಿ. ಅದು ಗಂಡನ ಮನೆತನದ ಹೆಸರು. ಜೂಲಿಯಾ ಹುಟ್ಟಿದ್ದು 1815ರಲ್ಲಿ, ನಮ್ಮ ದೇಶದ ಕಲ್ಕತ್ತೆಯಲ್ಲಿ. ಆಮೇಲೆ ಇಂಗ್ಲೆಂಡಿಗೆ ಹೋದರು. ಮಕ್ಕಳು ದೊಡ್ಡವರಾದರು. 1863ರಲ್ಲಿ ಮಗಳು, ಅಳಿಯ ಒಂದು ಕ್ಯಾಮರಾ ತಂದುಕೊಟ್ಟರು. ಆಗ ಜೂಲಿಯಾಗೆ 48 ವರ್ಷ.

ಕೆಲಸ ಸುಲಭ ಇರಲಿಲ್ಲ. ಗಾಜಿಗೆ ಅಂಟು ಔಷಧಿ ಹಚ್ಚಬೇಕು. ಬೆಳ್ಳಿಯ ದ್ರಾವಣದಲ್ಲಿ ಅದ್ದಬೇಕು. ಹಸಿ ಆರುವುದರೊಳಗೆ ಚಿತ್ರ ತೆಗೆದು ತೊಳೆಯಬೇಕು. ಅದಕ್ಕೆ ಬಾವಿಯಿಂದ ನೀರು ತರಬೇಕು. ಜೂಲಿಯಾ ಕಲ್ಲಿದ್ದಲಿನ ಕೋಣೆಯನ್ನು ಕತ್ತಲೆ ಕೋಣೆ ಮಾಡಿಕೊಂಡರು. ಕೋಳಿಗೂಡನ್ನು ಖಾಲಿ ಮಾಡಿಸಿ ಅಲ್ಲೇ ಫೋಟೋ ತೆಗೆದರು. ಕೈ, ಬಟ್ಟೆ ಎಲ್ಲ ಕಪ್ಪು ಕಲೆ! ಮೊದಲ ಚಿತ್ರ ಏನಾಯ್ತು ಗೊತ್ತೇ? ಒಬ್ಬ ರೈತನದು. ಗಾಜಿನ ಮೇಲೆ ತಮ್ಮ ಕೈಯೇ ತಾಗಿ ಅಳಿಸಿಹೋಯ್ತು. ನಮ್ಮ ಸ್ಲೇಟಿನ ಹಾಗೆ.

1864ರ ಜನವರಿಯಲ್ಲಿ ಆನಿ ಅನ್ನೋ ಹುಡುಗಿಯ ಚಿತ್ರ ಚೆನ್ನಾಗಿ ಬಂತು. ಜೂಲಿಯಾ ಖುಷಿಯಿಂದ ಮನೆಯೆಲ್ಲ ಓಡಾಡಿ ಮಗುವಿಗೆ ಕೊಡಲು ಉಡುಗೊರೆ ಹುಡುಕಿದರು!

ಅವರ ಚಿತ್ರಗಳಲ್ಲಿ ಮುಖ ಸ್ವಲ್ಪ ಮಸುಕು, ಬಣ್ಣದ ಚಿತ್ರ ಬರೆದ ಹಾಗೆ. ಕಸುಬು ಬಲ್ಲವರು "ಇವರಿಗೆ ಕೆಲಸ ಬರೋದಿಲ್ಲ" ಅಂತ ಆಡಿಕೊಂಡರು. ಜೂಲಿಯಾ ಬದಲಾಯಿಸಲಿಲ್ಲ. ಕಣ್ಣಿಗೆ ಚೆಂದ ಕಂಡ ಕಡೆ ನಿಲ್ಲಿಸುತ್ತೇನೆ ಅಂದರು. 1865ರಲ್ಲಿ ಲಂಡನ್ನಿನ ದೊಡ್ಡ ಮ್ಯೂಸಿಯಂ ಅವೇ ಚಿತ್ರಗಳನ್ನು ಕೊಂಡಿತು. ಮುಂದೆ ಫೋಟೋವನ್ನು ಚಿತ್ರಕಲೆಯಂತೆ ಕಂಡವರು ಇವರನ್ನು ಹಿರಿಯಕ್ಕನಂತೆ ನೆನೆದರು.

ಡಾರ್ವಿನ್‌ನಂಥ ದೊಡ್ಡವರು ಇವರ ಮುಂದೆ ಕೂತರು. ಮನೆಕೆಲಸದ ಮೇರಿ ಹಿಲಿಯರ್ ಕೂಡ ಕೂತಳು. ಯೇಸುವಿನ ತಾಯಿ ಮೇರಿಯ ವೇಷದಲ್ಲಿ ಅವಳ ಚಿತ್ರಗಳಿವೆ. ಅವಳ ಹೆಸರು ಇಂದಿಗೂ ಉಳಿದಿದೆ.

1875ರಲ್ಲಿ ಜೂಲಿಯಾ ಗಂಡನ ಜೊತೆ ಸಿಲೋನಿಗೆ, ಅಂದರೆ ಈಗಿನ ಶ್ರೀಲಂಕೆಗೆ ಹೋದರು. 1879ರಲ್ಲಿ ಅಲ್ಲೇ ತೀರಿಕೊಂಡರು. ಅಲ್ಲಿನ ಕೂಲಿಯವರ, ರೈತರ ಚಿತ್ರ ತೆಗೆದಿದ್ದಾರೆ. ಒಂದರ ಕೆಳಗೆ 'ಕಲುತರದ ರೈತರು' ಅಂತ ಬರೆದಿದೆ. ಹುಡುಗಿಗೆ 12 ವರ್ಷ, ಅವಳ ತಂದೆ ತನಗೆ 100 ವರ್ಷ ಅನ್ನುತ್ತಾನೆ, ಅಂತಲೂ ಇದೆ. ವಯಸ್ಸು ಬರೆದಿದ್ದಾರೆ, ಹೆಸರು ಬರೆದಿಲ್ಲ. ನಮಗೆ ಅದು ಸರಿ ಕಾಣಲಿಲ್ಲ. ಆ ಹುಡುಗಿಯನ್ನು ಏನಂತ ಕರೀತಿದ್ದರೋ.