ಮೊದಲು ಕಾಲಿಗೆ ಬಲ ಬರಲಿ

ಪುಟ್ಟಿ, ಓಡುವ ಮುಂಚೆ ಹತ್ತು ನಿಮಿಷ, ಓಡಿ ಬಂದ ಮೇಲೆ ಹತ್ತು ನಿಮಿಷ ಒಂದು ದಿನವೂ ತಪ್ಪಿಸದೆ ಸ್ಟ್ರೆಚಿಂಗ್ ಮಾಡುತ್ತಿದ್ದೀಯ. ಆದರೂ ಮಂಡಿಯ ಕೆಳಗೆ, ಮುಂಭಾಗದ ಮೂಳೆಯುದ್ದಕ್ಕೂ ನೋವು ಶುರುವಾಗಿದೆ. ‘ಇನ್ನೂ ಎಷ್ಟು ಹೊತ್ತು ಮಾಡಬೇಕು ದೊಡ್ಡಮ್ಮಾ?’ ಅಂತ ಕೇಳಿದೆಯಲ್ಲ, ಹೆಚ್ಚು ಮಾಡುವುದೇ ಬೇಡ. ಸ್ಟ್ರೆಚಿಂಗ್ ಮಾಡಿದವರಿಗೆ ಪೆಟ್ಟಾಗುವುದಿಲ್ಲ ಎಂಬ ನಂಬಿಕೆಯನ್ನು ಮೊದಲು ಪಕ್ಕಕ್ಕಿಡು. ಫಿಸಿಯೋಥೆರಪಿಯನ್ನೇ ನಂಬಿ ಬದುಕಿದವಳು ಹೀಗೆ ಹೇಳಿದರೆ ನಿನಗೆ ಆಶ್ಚರ್ಯವಾಗಬಹುದು. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಇದನ್ನು ಪರೀಕ್ಷೆ ಮಾಡಿಯೇ ನೋಡಿದವರಿದ್ದಾರೆ. ಆಸ್ಟ್ರೇಲಿಯಾದ ಸೇನೆಗೆ ಹೊಸದಾಗಿ ಸೇರಿದ 1538 ಹುಡುಗರನ್ನು ರಾಡ್ ಪೋಪ್ ಮತ್ತು ಸಂಗಡಿಗರು ಎರಡು ಪಂಗಡ ಮಾಡಿದರು. ಇಬ್ಬರಿಗೂ ಒಂದೇ ತರಬೇತಿ, ಒಂದೇ ವಾರ್ಮ್‌ಅಪ್. ಒಂದು ಪಂಗಡದವರು ಮಾತ್ರ ಕಾಲಿನ ಆರು ಮುಖ್ಯ ಸ್ನಾಯುಗಳನ್ನು 20 ಸೆಕೆಂಡಿನಂತೆ ಹಿಗ್ಗಿಸಿ ಹಿಡಿಯಬೇಕು. ಹನ್ನೆರಡು ವಾರ ಕಳೆದ ಮೇಲೆ ಎಣಿಸಿದರೆ, ಸ್ಟ್ರೆಚಿಂಗ್ ಮಾಡಿದ 735 ಜನರಲ್ಲಿ 158 ಗಾಯ, ಮಾಡದ 803 ಜನರಲ್ಲಿ 175. ಲೆಕ್ಕ ಹಾಕಿ ನೋಡು, ಎರಡೂ ಕಡೆ ನೂರಕ್ಕೆ ಹತ್ತಿರ ಹತ್ತಿರ 22. ಯಾರಿಗೆ ಪೆಟ್ಟಾಗುತ್ತದೆ ಎಂಬುದು ಬಹಳ ಮಟ್ಟಿಗೆ ಅವರ ದಮ್ಮಿನ ಮೇಲೆ ನಿಂತಿತ್ತು. ಬರುವಾಗಲೇ ಚೆನ್ನಾಗಿ ಓಡಬಲ್ಲವರಾಗಿದ್ದ ಹುಡುಗರು ಕಡಿಮೆ ನರಳಿದರು. 2000ದಲ್ಲಿ ಇದು ಪ್ರಕಟವಾಯಿತು. ಅದಕ್ಕೂ ಮುಂಚೆ, 1993ರಲ್ಲೇ, ನೆದರ್ಲೆಂಡ್ಸಿನಲ್ಲಿ ಹವ್ಯಾಸಕ್ಕೆ ಓಡುವ 421 ಗಂಡಸರ ಮೇಲೆ ನಡೆದ 16 ವಾರಗಳ ಪ್ರಯೋಗವೂ ಇದನ್ನೇ ತೋರಿಸಿತ್ತು. ಮರುದಿನದ ಮೈಕೈ ನೋವಿಗಾದರೂ ಸ್ಟ್ರೆಚಿಂಗ್ ಒಳ್ಳೆಯದಲ್ಲವೇ ಎನ್ನುತ್ತೀಯ. ಅದರಲ್ಲೂ ಸಿಗುವ ಲಾಭ ತೀರಾ ಅಲ್ಪ.

ಹೀಗೇಕೆ ಎಂದು ಯೋಚಿಸು. ನಿನ್ನ ವೇಗದಲ್ಲಿ ಅರ್ಧ ಗಂಟೆ ಓಡಿದರೆ ಸುಮಾರು ಐದು ಸಾವಿರ ಹೆಜ್ಜೆ. ಒಂದೊಂದು ಹೆಜ್ಜೆಯಲ್ಲೂ ನಿನ್ನ ತೂಕದ ಎರಡು ಮೂರು ಪಟ್ಟು ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. ನಮ್ಮ ಕಾಲು ಓಡುವಾಗ ಅದರ ಪೂರ್ತಿ ಉದ್ದಕ್ಕೆ ಹಿಗ್ಗುವುದೇ ಇಲ್ಲ. ಮಂಡಿ, ಹಿಮ್ಮಡಿ ಎಲ್ಲ ಮಧ್ಯದ ಅಳತೆಯಲ್ಲೇ ಆಡುತ್ತವೆ. ಇನ್ನೂ ನಾಲ್ಕು ಬೆರಳು ಬಗ್ಗಿ ಪಾದ ಮುಟ್ಟಿದೆ ಎಂದ ಮಾತ್ರಕ್ಕೆ ಮೂಳೆಗೆ, ಸ್ನಾಯುರಜ್ಜಿಗೆ ಆ ಭಾರ ತಡೆಯುವ ಶಕ್ತಿ ಬರುವುದಿಲ್ಲ. ಓಟಗಾರರ ಹೆಚ್ಚಿನ ನೋವುಗಳು ಬಿದ್ದು ಎದ್ದು ಬಂದವಲ್ಲ, ದಿನದಿನವೂ ತುಸು ತುಸು ಸವೆದು, ಸರಿಹೋಗಲು ಸಮಯ ಸಿಗದೆ ಬಂದವು.

ನಿನ್ನ ವಿಷಯದಲ್ಲಿ ಆಗಿರುವುದೂ ಇದೇ ಅಂತ ನನಗನ್ನಿಸುತ್ತದೆ. ಬೆಂಗಳೂರಿನ 10ಕೆ ಓಟಕ್ಕೆ ಹೆಸರು ಕೊಟ್ಟಾಗಿನಿಂದ ನಿನ್ನ ಉಸಿರು ಚೆನ್ನಾಗಿ ಪಳಗಿದೆ. ಮೂರು ನಾಲ್ಕು ವಾರದಲ್ಲೇ ಏದುಸಿರು ನಿಂತಿತು, ಖುಷಿಯಾಗಿ ಓಟದ ದೂರ ಏರಿಸಿದೆ. ಆದರೆ ಮೂಳೆಗೆ ಆ ಅವಸರವಿಲ್ಲ. ಹೊಸ ಭಾರ ಬಿದ್ದಾಗ ಅದು ಮೊದಲು ತನ್ನ ಹಳೆಯ ಭಾಗವನ್ನು ಕರಗಿಸುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ಕರಗುವುದು ಕೆಲವು ವಾರಗಳಲ್ಲಿ, ಕಟ್ಟುವುದು ತಿಂಗಳುಗಟ್ಟಲೆ. ಈ ನಡುವಿನ ದಿನಗಳಲ್ಲಿ ಮೂಳೆ ಮೊದಲಿಗಿಂತ ಸೊರಗಿರುತ್ತದೆ, ನೀನು ಮಾತ್ರ ಮೊದಲಿಗಿಂತ ಹುರುಪಿನಲ್ಲಿರುತ್ತೀಯ. ಅಪಾಯ ಇರುವುದು ಅಲ್ಲೇ ಪುಟ್ಟಿ. ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯದವರು 5,000ಕ್ಕೂ ಹೆಚ್ಚು ಓಟಗಾರರನ್ನು ಗಮನಿಸಿ 2025ರಲ್ಲಿ ಹೇಳಿದ ಮಾತು ನನಗೆ ಬಹಳ ಸರಿ ಅನ್ನಿಸಿತು: ಕಳೆದ 30 ದಿನಗಳಲ್ಲಿ ಓಡಿದ ಅತಿ ಉದ್ದದ ಓಟಕ್ಕಿಂತ ಶೇ 10ಕ್ಕೂ ಹೆಚ್ಚು ದೂರ ಒಂದೇ ಸಲಕ್ಕೆ ಓಡಿದರೆ ಗಾಯದ ಸಂಭವ ಏರುತ್ತದೆ. ದುಪ್ಪಟ್ಟು ಮೀರಿ ಓಡಿದವರಲ್ಲಿ ಆ ಸಂಭವವೂ ದುಪ್ಪಟ್ಟು ಮೀರಿತ್ತು. ಈ ತಿಂಗಳು ನಿನ್ನ ಅತಿ ಉದ್ದದ ಓಟ ಆರು ಕಿಲೋಮೀಟರ್ ಆಗಿದ್ದರೆ ಮುಂದಿನದು ಆರೂವರೆ. ಭಾನುವಾರ ಗೆಳತಿಯರು ಎಲ್ಲರೂ ಹತ್ತು ಓಡುತ್ತಾರೆ ಅಂತ ನೀನೂ ಹತ್ತು ಓಡಬಾರದು.

ಹಾಗಾದರೆ ಆ ಇಪ್ಪತ್ತು ನಿಮಿಷ ಏನು ಮಾಡಲಿ ಅಂದರೆ, ಕಾಲಿಗೆ ಬಲ ತುಂಬು. ನಮ್ಮ ಮೈಸೂರಿನ ಗರಡಿಗಳಲ್ಲಿ ಹುಡುಗರು ಮುಂಜಾನೆ ಎದ್ದು ಬಸ್ಕಿ, ದಂಡ ಹೊಡೆಯುತ್ತಿದ್ದರಲ್ಲ, ಓಡುವವರಿಗೂ ಬೇಕಾದದ್ದು ಅಂಥ ಸಾಮು. 2014ರಲ್ಲಿ 25 ಪ್ರಯೋಗಗಳನ್ನು, ಒಟ್ಟು 26,610 ಜನರ ವಿವರವನ್ನು ಒಟ್ಟುಗೂಡಿಸಿ ನೋಡಿದಾಗ ಬಲದ ವ್ಯಾಯಾಮ ಮಾಡಿದವರಲ್ಲಿ ಕ್ರೀಡಾಗಾಯಗಳು ಮೂರನೇ ಒಂದು ಭಾಗಕ್ಕಿಂತಲೂ ಕೆಳಗಿಳಿದಿದ್ದವು. ಸ್ಟ್ರೆಚಿಂಗ್‌ನಿಂದ ಹೇಳಿಕೊಳ್ಳುವಂಥ ಉಪಯೋಗ ಕಾಣಲಿಲ್ಲ. ಅವರಲ್ಲಿ ಎಲ್ಲರೂ ಓಟಗಾರರಲ್ಲ, ಆದ್ದರಿಂದ ಅಷ್ಟೇ ಫಲ ನಿನಗೂ ಸಿಗುತ್ತದೆಂದು ನಾನು ಮಾತು ಕೊಡಲಾರೆ. ಆದರೂ ಕಾಲು ಗಟ್ಟಿಯಾದಷ್ಟೂ ಒಳ್ಳೆಯದೇ.

ವಾರಕ್ಕೆ ಎರಡು ದಿನ ಸಾಕು. ಮನೆಯ ಮೆಟ್ಟಿಲಿನ ಅಂಚಿನಲ್ಲಿ ಮುಂಪಾದ ಊರಿ ನಿಂತು ಹಿಮ್ಮಡಿಯನ್ನು ಮೇಲೆತ್ತು, ಆಮೇಲೆ ನಿಧಾನವಾಗಿ ಮೆಟ್ಟಿಲಿಗಿಂತ ಕೆಳಕ್ಕೆ ಇಳಿಸು. ಸ್ವೀಡನ್ನಿನ ಹಾಕನ್ ಆಲ್‌ಫ್ರೆಡ್‌ಸನ್ ಎಂಬ ವೈದ್ಯರು ಹಿಮ್ಮಡಿ ರಜ್ಜಿನ ಹಳೆಯ ನೋವಿದ್ದ 15 ಓಟಗಾರರಿಗೆ ಈ ಇಳಿಸುವ ವ್ಯಾಯಾಮವನ್ನೇ 12 ವಾರ ಮಾಡಿಸಿ ಎಲ್ಲರನ್ನೂ ಮತ್ತೆ ಓಡಿಸಿದ್ದು 1998ರಲ್ಲಿ. ಅದರ ಜೊತೆಗೆ ಬಸ್ಕಿ, ಒಂಟಿಕಾಲಿನಲ್ಲಿ ಕುರ್ಚಿಯಿಂದ ಎದ್ದು ಕೂರುವುದು, ಸೇತುಬಂಧಾಸನ. ಹಗುರವೆನಿಸಿದರೆ ಬೆನ್ನಿಗೊಂದು ಚೀಲ ಹಾಕಿಕೊಂಡು ಭಾರ ಏರಿಸು. ಓಡುವ ಮುಂಚೆ ಐದು ನಿಮಿಷ ಬಿರುಸಾಗಿ ನಡೆ, ಕಾಲುಗಳನ್ನು ಹಿಂದೆ ಮುಂದೆ ಬೀಸು, ಮೊದಲ ಒಂದು ಕಿಲೋಮೀಟರ್ ಮೆಲ್ಲಗೆ ಓಡು.

ಸ್ಟ್ರೆಚಿಂಗ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಿನ್ನ ಬೆಳಗಿನ ಸೂರ್ಯನಮಸ್ಕಾರವನ್ನು ಬಿಡಬೇಡ, ಮೈ ಸಡಿಲವಾಗುವ ಸುಖಕ್ಕೆ ತನ್ನದೇ ಬೆಲೆಯಿದೆ. ಅಂಗಾಲು ನೋವಿನಿಂದ ಬೆಳಿಗ್ಗೆ ನೆಲಕ್ಕೆ ಕಾಲಿಡಲಾರದವರು ಮಂಚದಿಂದ ಇಳಿಯುವ ಮುಂಚೆ ಕಾಲ್ಬೆರಳುಗಳನ್ನು ತಮ್ಮ ಕಡೆಗೆ ಎಳೆದು ಹಿಡಿದರೆ ನಿಜಕ್ಕೂ ಆರಾಮ ಸಿಗುತ್ತದೆ. ನಾನೇ ಎಷ್ಟೋ ಜನರಿಗೆ ಕಲಿಸಿದ್ದೇನೆ. ಇನ್ನೊಂದು ಮಾತು. ಅಮೆರಿಕದಲ್ಲಿ ಓಟಗಾರರ ಮೇಲೆ ನಡೆದ ದೊಡ್ಡ ಪ್ರಯೋಗವೊಂದರಲ್ಲಿ, ಸ್ಟ್ರೆಚಿಂಗ್ ರೂಢಿಯಿದ್ದವರಿಂದ ಅದನ್ನು ಏಕಾಏಕಿ ಬಿಡಿಸಿದಾಗ ಅವರಲ್ಲಿ ಗಾಯ ಹೆಚ್ಚಿತು. ಆದ್ದರಿಂದ ನಾಳೆಯಿಂದಲೇ ಪೂರ್ತಿ ನಿಲ್ಲಿಸಬೇಡ, ಸ್ವಲ್ಪ ಸ್ವಲ್ಪವಾಗಿ ಇಳಿಸು. ಸ್ಪರ್ಧೆಯ ದಿನ ಓಡುವುದಕ್ಕೆ ಸ್ವಲ್ಪ ಮುಂಚೆ ಮಾತ್ರ ಒಂದೇ ಸ್ನಾಯುವನ್ನು ನಿಮಿಷಗಟ್ಟಲೆ ಹಿಗ್ಗಿಸಿ ಹಿಡಿಯಬೇಡ, ಆ ಹೊತ್ತಿಗೆ ಕಾಲಿನ ಕಸುವು ತುಸು ಕುಂದುತ್ತದೆ.

ಈಗ ನಿನ್ನ ಮೂಳೆಯ ನೋವಿನ ವಿಷಯ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡ. ಎರಡು ವಾರ ಓಟ ನಿಲ್ಲಿಸು, ಬೇಕಾದರೆ ಸೈಕಲ್ ತುಳಿ ಅಥವಾ ಈಜು. ಬೆರಳಿನಿಂದ ಒತ್ತಿ ನೋಡು: ಉದ್ದಕ್ಕೂ ನೋವಿದ್ದರೆ ಹೆಚ್ಚಾಗಿ ವಿಶ್ರಾಂತಿಯಲ್ಲೇ ತಗ್ಗುತ್ತದೆ, ಒಂದೇ ಬಿಂದುವಿನಲ್ಲಿ ಚುಚ್ಚಿದಂತಾದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಒಂಟಿಕಾಲಿನಲ್ಲಿ ಕುಪ್ಪಳಿಸಲು ಆಗದಿದ್ದರೆ ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು. ಮೂಳೆ ಡಾಕ್ಟರ ಹತ್ತಿರ ಹೋಗು. ಮೊದಲ ವಾರಗಳ ಎಕ್ಸ್‌ರೇಯಲ್ಲಿ ಆ ಬಿರುಕು ಕಾಣಿಸದೇ ಇರಬಹುದು, ಏನೂ ಇಲ್ಲವೆಂದು ಬಂದರೆ ಎಂಆರ್‌ಐ ಬೇಕೇ ಎಂದು ಬಾಯಿಬಿಟ್ಟು ಕೇಳು.

ಓಡಿ ಬಂದು ಬರೀ ಕಾಫಿ ಕುಡಿದು ಆಫೀಸಿಗೆ ಹೊರಡುತ್ತೀಯ ಅಂತ ನಿನ್ನಮ್ಮ ಹೇಳುತ್ತಿದ್ದಳು. ಓಡುವಷ್ಟಕ್ಕೆ ತಕ್ಕಂತೆ ಉಣ್ಣದ ಹೆಣ್ಣುಮಕ್ಕಳಲ್ಲಿ ಮೊದಲು ಮುಟ್ಟು ಏರುಪೇರಾಗುತ್ತದೆ, ಅದರ ಬೆನ್ನಿಗೇ ಮೂಳೆ ತೆಳುವಾಗುತ್ತದೆ. ಹೊಟ್ಟೆ ತುಂಬ ತಿಂಡಿ ತಿನ್ನು, ಹಾಲು, ಮೊಸರು, ಕಾಳು ತಪ್ಪಿಸಬೇಡ. ಮುಟ್ಟು ಮೂರು ತಿಂಗಳಿಂದ ಸರಿಯಾಗಿ ಆಗುತ್ತಿಲ್ಲ ಎಂದಿದ್ದರೆ ಸಂಕೋಚಪಡದೆ ಇವತ್ತು ಸಂಜೆಯೇ ನನಗೆ ಫೋನ್ ಮಾಡು.