ಇರುವಾಗಲೇ ಬರೆದಿಡಿ

ಮಕ್ಕಳೇ, ಮಳೆ ಹಿಡಿದ ಮೇಲೆ ನಮ್ಮ ಸಕಲೇಶಪುರದ ಕಡೆಗೆ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಬರುವವರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದೀರಿ. ಸಂತೋಷ. ನಮ್ಮ ಕಾಲದಲ್ಲಿ ರಾತ್ರಿ ಬ್ಯಾಟರಿ ಹಿಡಿದು ಹಳ್ಳಕ್ಕಿಳಿದರೆ ಏಡಿ ಹಿಡಿಯಲು ಹೊರಟಿದ್ದಾನೆ ಅನ್ನುತ್ತಿದ್ದರು. ಕಪ್ಪೆ ನೋಡೋದಕ್ಕೆ ಅಂದರೆ ನಕ್ಕುಬಿಡುತ್ತಿದ್ದರು. ಈಗ ನಿಮ್ಮಲ್ಲಿ ಅನೇಕರು ಬಂದವರೇ ಕೇಳುವುದು ಒಂದೇ ಮಾತು: ‘ಇಲ್ಲಿ ಯಾವುದಾದರೂ ಕಳೆದುಹೋದ ಪ್ರಭೇದ ಸಿಗಬಹುದಾ ಸಾರ್?’ ಸಿಗಬಹುದು. ಆದರೆ ಹುಡುಕುವ ಮೊದಲು ಅವು ಕಳೆದುಹೋಗುವುದು ಹೇಗೆ ಅಂತ ಸ್ವಲ್ಪ ತಿಳಿದುಕೊಳ್ಳಿ.

ಶಿರಾಡಿ ಘಾಟಿಯ ಕೆಂಪುಹೊಳೆಯಿಂದಲೇ ಶುರು ಮಾಡೋಣ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ.ಆರ್. ನಾರಾಯಣ ರಾವ್ ಅವರು 1937ರಲ್ಲಿ ದಕ್ಷಿಣ ಭಾರತದ ಹೊಸ ಕಪ್ಪೆಗಳ ಬಗ್ಗೆ ಒಂದು ದೀರ್ಘ ಲೇಖನ ಪ್ರಕಟಿಸಿದರು. ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಕೆಂಪುಹೊಳೆ, ಸಕಲೇಶಪುರ, ಕೊಟ್ಟಿಗೆಹಾರ, ಹೀಗೆ ನಾವು ನೀವು ಬಸ್ಸಿನಲ್ಲಿ ತೂಕಡಿಸುತ್ತ ದಾಟುವ ಊರುಗಳ ಕಪ್ಪೆಗಳಿಗೆ ಆ ಲೇಖನದಲ್ಲಿ ಹೆಸರು ಸಿಕ್ಕಿತು. ಆಮೇಲೆ ಆ ಕಪ್ಪೆಗಳ ಗೊಡವೆಗೆ ಹೋದವರು ಬೆರಳೆಣಿಕೆಯಷ್ಟು ಮಂದಿ. ರಾಯರು ಇಟ್ಟುಹೋಗಿದ್ದ ಮಾದರಿಗಳೂ ಕಾಲಾಂತರದಲ್ಲಿ ಕಾಣೆಯಾದವು. ಒಂದು ಹೊಸ ಕಪ್ಪೆ ಸಿಕ್ಕರೆ ಇದು ರಾಯರು ಹೇಳಿದ್ದೇ ಹೌದೋ ಅಲ್ಲವೋ ಎಂದು ಪಕ್ಕದಲ್ಲಿಟ್ಟು ಹೋಲಿಸಲು ಏನೂ ಉಳಿಯಲಿಲ್ಲ. ಉಳಿದದ್ದು ಅಚ್ಚಾದ ಲೇಖನ, ಅದರಲ್ಲಿದ್ದ ವರ್ಣನೆ, ಊರಿನ ಹೆಸರು.

ಆ ಊರಿನ ಹೆಸರೇ ಕಪ್ಪೆಗಳನ್ನು ಉಳಿಸಿತು. ದೆಹಲಿ ವಿಶ್ವವಿದ್ಯಾಲಯದ ಎಸ್.ಡಿ. ಬಿಜು 2010ರ ನವೆಂಬರಿನಲ್ಲಿ, ದಶಕಗಳಿಂದ ಯಾರ ಕಣ್ಣಿಗೂ ಬೀಳದ ಉಭಯಚರಿಗಳನ್ನು ಹುಡುಕುವ ಅಭಿಯಾನ ಶುರು ಮಾಡಿದರು. ಕೆಲವೇ ತಿಂಗಳಲ್ಲಿ ಐದು ಪ್ರಭೇದಗಳು ಮತ್ತೆ ಸಿಕ್ಕವೆಂಬ ಸುದ್ದಿ ಬಂತು. ಅವುಗಳಲ್ಲಿ ಒಂದು 1874ರಿಂದ ಈಚೆಗೆ ದಾಖಲೆಯೇ ಇಲ್ಲದ ಹಸಿರು ಮರಗಪ್ಪೆ. ಇನ್ನೊಂದು ನಮ್ಮ ರಾಯರು ಕೆಂಪುಹೊಳೆಯಿಂದ ವರ್ಣಿಸಿದ್ದ ತೊರೆಗಪ್ಪೆ, ಮೈಕ್ರಿಕ್ಸಾಲಸ್ ಎಲಿಗನ್ಸ್. ಎಪ್ಪತ್ತಕ್ಕೂ ಹೆಚ್ಚು ವರ್ಷ ಅದು ‘ಇಲ್ಲ’ದ ಪಟ್ಟಿಯಲ್ಲಿತ್ತು. ಈ ‘ಇಲ್ಲ’ದ ಪಾಲಿನಲ್ಲಿ ಅದು ಎಷ್ಟರಮಟ್ಟಿಗೆ ನಿಜವಾಗಿ ಕಡಿಮೆಯಾಗಿತ್ತೋ, ಎಷ್ಟರಮಟ್ಟಿಗೆ ನೋಡಲು ಯಾರೂ ಹೋಗಿರಲಿಲ್ಲವೋ, ನೀವೇ ಯೋಚಿಸಿ. ಹಿತ್ತಲ ಗಿಡ ಮದ್ದಲ್ಲ ಅನ್ನುವ ನಮ್ಮ ಜನ ಹಿತ್ತಲ ಕಪ್ಪೆಯನ್ನು ಬಿಟ್ಟಾರೆಯೇ?

ಆ ಜಾತಿಯ ಕಪ್ಪೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ಹೆಬ್ಬೆರಳಿನ ಗೆಣ್ಣಿನಷ್ಟು ಜೀವ. ಮಳೆ ಹಿಂದೆಗೆದು ಹಳ್ಳದ ನೀರು ತಿಳಿಯಾಗುವ ಹೊತ್ತಿಗೆ ಗಂಡು ಒದ್ದೆ ಬಂಡೆಯ ಮೇಲೆ ಬಂದು ಕೂರುತ್ತದೆ. ಮೊದಲು ಗಂಟಲ ಬಿಳಿ ಚೀಲ ಉಬ್ಬಿಸಿ ಕೂಗುತ್ತದೆ. ನೀರಿನ ಭೋರ್ಗರೆತದಲ್ಲಿ ಆ ಕೂಗು ಎಷ್ಟು ದೂರ ಕೇಳೀತು? ಅದಕ್ಕೇ ಹಿಂಗಾಲನ್ನು ಹಿಂದಕ್ಕೆ ನೀಟಾಗಿ ಚಾಚಿ, ಬೆರಳ ನಡುವಿನ ಜಾಲಪೊರೆಯನ್ನು ಬಿಡಿಸಿ ಬೀಸುತ್ತದೆ. ಇನ್ನೊಂದು ಗಂಡು ಹತ್ತಿರ ಬಂದರೆ ಅದೇ ಕಾಲಿನಿಂದ ಒದೆ. ಹೆಣ್ಣು ಹಳ್ಳದ ತಳದ ಜಲ್ಲಿಯಲ್ಲಿ ಗುಳಿ ತೋಡಿ ಮೊಟ್ಟೆಯಿಟ್ಟು, ಹಿಂಗಾಲಿನಿಂದಲೇ ಜಲ್ಲಿ ಎಳೆದು ಮುಚ್ಚುತ್ತದೆ. ಕುಣಿಯುವ ಕಪ್ಪೆಗಳೆಂದು ಇವು ಪತ್ರಿಕೆಗಳಲ್ಲಿ ಹೆಸರಾದದ್ದು 2014ರಲ್ಲಿ, ಬಿಜು ತಂಡ ಒಂದೇ ಏಟಿಗೆ ಹದಿನಾಲ್ಕು ಹೊಸ ಪ್ರಭೇದಗಳನ್ನು ವರ್ಣಿಸಿದಾಗ. ಅದೇ ವರ್ಷ ಉತ್ತರ ಕನ್ನಡದಿಂದ ಕುಂಬಾರ ಕಪ್ಪೆಯ ಸುದ್ದಿಯೂ ಬಂತು. ಇಟ್ಟ ಮೊಟ್ಟೆಗಳಿಗೆ ಗಂಡು ಮುಂಗೈಯಿಂದ ಕೆಸರು ತಂದು ಮೆತ್ತುತ್ತದಂತೆ. ಅಲ್ಲಿನ ತೋಟಗಳಲ್ಲಿ ತಲೆತಲಾಂತರದಿಂದ ಓಡಾಡಿದ ನಮ್ಮವರು ಇದನ್ನು ಕಂಡೇ ಇರಲಿಲ್ಲವೇ? ಕಂಡಿದ್ದವರು ಇರಲೂಬಹುದು, ಬರೆದಿಟ್ಟವರು ಇರಲಿಲ್ಲ.

ಹಾಗಾಗಿ ನನ್ನ ಮಾತು ಇಷ್ಟೇ: ಬರೆದಿಡಿ. ಯಾವ ದಿನ, ಯಾವ ಹಳ್ಳ, ಎಷ್ಟು ಹೊತ್ತಿಗೆ, ಮಳೆಯಿತ್ತೋ ಇಲ್ಲವೋ, ಎಷ್ಟು ಕಂಡವು. ಕಾಣದೆ ಬರಿಗೈಯಲ್ಲಿ ಬಂದ ದಿನವನ್ನೂ ಬರೆಯಿರಿ. ಹತ್ತು ವರ್ಷದ ಮೇಲೆ ಆ ಹಳ್ಳದಲ್ಲಿ ಕಪ್ಪೆ ಕಡಿಮೆಯಾಗಿದೆ ಎಂದು ವಾದಿಸುವವನ ಕೈಯಲ್ಲಿ ಅಂಥ ಸಪ್ಪೆ ಪುಟಗಳೇ ಆಧಾರ. ಫೋಟೊ ಚೆನ್ನಾಗಿ ಬಂದಿಲ್ಲವೆಂದು ಅಳಿಸಿಹಾಕಬೇಡಿ. ಹೊಟ್ಟೆಯ ಬಣ್ಣ, ಕಾಲ್ಬೆರಳ ತುದಿ ಕಂಡರೆ ಮಸುಕಾದ ಚಿತ್ರಕ್ಕೂ ಬೆಲೆಯಿದೆ. ಮೊಬೈಲಿನಲ್ಲಿ ಕೂಗನ್ನು ಮುದ್ರಿಸಿಕೊಳ್ಳಿ.

ಆದರೆ ಬರೆದದ್ದು ಸತ್ಯವಾಗಿರಬೇಕು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮಧ್ಯ ಭಾರತದ ಕಾಡುಗೂಬೆ ಅಂತ ಒಂದು ಪುಟ್ಟ ಗೂಬೆ. 1873ರಲ್ಲಿ ಪಕ್ಷಿತಜ್ಞ ಎ.ಒ. ಹ್ಯೂಮ್ ಅದನ್ನು ವರ್ಣಿಸಿದರು. 1884ರ ನಂತರ ಒಂದೂ ಸಿಗಲಿಲ್ಲ. ಹೀಗಿರುವಾಗ ಕರ್ನಲ್ ರಿಚರ್ಡ್ ಮೈನರ್ಟ್ಸ್‌ಹಾಗನ್ ಎಂಬ ಬ್ರಿಟಿಷ್ ಅಧಿಕಾರಿಯ ಸಂಗ್ರಹದಲ್ಲಿ, 1914ರಲ್ಲಿ ಗುಜರಾತಿನ ಮಾಂಡ್ವಿಯಲ್ಲಿ ಹೊಡೆದದ್ದೆಂಬ ಚೀಟಿ ಹೊತ್ತ ಒಂದು ಗೂಬೆ ಕಾಣಿಸಿತು. ಆಮೇಲೆ ಬಂದವರು ಆ ಚೀಟಿಯನ್ನು ನಂಬಿದರು. ಪಮೇಲಾ ರಾಸ್ಮುಸೆನ್ ಎಂಬ ವಿಜ್ಞಾನಿ ಕೂತು ಪರೀಕ್ಷೆ ಮಾಡಿದಾಗ ಬಯಲಾದದ್ದು ಬೇರೆಯೇ ಕಥೆ. ಅದು ಬ್ರಿಟಿಷ್ ಮ್ಯೂಸಿಯಮ್ಮಿನಿಂದ ಕದ್ದ ಹಳೆಯ ಹಕ್ಕಿ. ಹೊಲಿಗೆ ಬಿಚ್ಚಿ, ಮತ್ತೆ ತುಂಬಿ, ಸುಳ್ಳು ಚೀಟಿ ಕಟ್ಟಿದ್ದರು. ಆಕೆ ಆ ದಾಖಲೆಯನ್ನು ಪಕ್ಕಕ್ಕೆ ಸರಿಸಿ, ನಿಜವಾಗಿ ಹಕ್ಕಿ ಸಿಕ್ಕಿದ್ದ ಹಳೆಯ ಜಾಗಗಳನ್ನೇ ಹಿಡಿದು ಸಂಗಡಿಗರೊಂದಿಗೆ ಹೊರಟರು. 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ, ಹಾಡಹಗಲಲ್ಲಿ, ಬೋಳು ಮರದ ಮೇಲೆ ಗೂಬೆ ಕೂತಿತ್ತು. ನೂರಾ ಹದಿಮೂರು ವರ್ಷ! ಅದರಲ್ಲಿ ಎಷ್ಟು ವರ್ಷ ಆ ಒಂದು ಚೀಟಿಯ ಪಾಲಿಗೆ ಹೋಯಿತೋ ಲೆಕ್ಕ ಹಾಕಿದವರಿಲ್ಲ. ಇನ್‌ಸ್ಟಾಗ್ರಾಮಿನಲ್ಲಿ ನಾಲ್ಕು ಲೈಕಿಗಾಗಿ ಬೇರೆಲ್ಲೋ ತೆಗೆದ ಚಿತ್ರಕ್ಕೆ ‘ಬಿಸಿಲೆ ಘಾಟ್’ ಅಂತ ಹೆಸರು ಹಾಕುವಾಗ ಈ ಕರ್ನಲ್ ಸಾಹೇಬರನ್ನು ನೆನಪಿಸಿಕೊಳ್ಳಿ.

ಇನ್ನು ಊರಿನವರ ಮಾತು. ಆಂಧ್ರದ ಕಡಪ ಜಿಲ್ಲೆಯ ಕುರುಚಲು ಕಾಡಿನಲ್ಲಿ ಜರ್ಡನ್ಸ್ ಕೋರ್ಸರ್ ಎಂಬ ನೀಳಗಾಲಿನ ಹಕ್ಕಿ ಇದೆ. ಅಲ್ಲಿಯವರು ಕಲಿವಿ ಕೋಡಿ ಅನ್ನುತ್ತಾರೆ. 1900ರಲ್ಲಿ ಕಂಡದ್ದೇ ಕೊನೆ ಎಂದುಕೊಂಡಿದ್ದರು. 1986ರ ಜನವರಿಯಲ್ಲಿ ಅದನ್ನು ಹಿಡಿದುಕೊಟ್ಟದ್ದು ಪದವಿಯಿದ್ದ ವಿದ್ವಾಂಸರಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಚಿತ್ರ ತೋರಿಸಿ ಹಳ್ಳಿ ಹಳ್ಳಿ ವಿಚಾರಿಸುತ್ತಿದ್ದಾಗ, ಐತನ್ನ ಎಂಬ ಸ್ಥಳೀಯ ಬೇಟೆಗಾರ ರಾತ್ರಿ ಬ್ಯಾಟರಿ ಬೆಳಕಿನಲ್ಲಿ ಅದನ್ನು ಹಿಡಿದ. ಹಕ್ಕಿ ಓಡಾಡುವುದೇ ರಾತ್ರಿ. ಹಗಲಲ್ಲಿ ಹುಡುಕಿದವರಿಗೆ ಸಿಗುವುದಾದರೂ ಹೇಗೆ? ಮುಂದೆ ಸಂಶೋಧಕರು ಪೊದೆಗಳ ನಡುವೆ ನುಣ್ಣನೆಯ ಮಣ್ಣಿನ ಪಟ್ಟಿಗಳನ್ನು ಹಾಸಿ, ಬೆಳಗ್ಗೆ ಹೆಜ್ಜೆಗುರುತು ಓದಿ ಅದರ ನೆಲೆಗಳನ್ನು ಪತ್ತೆ ಹಚ್ಚಿದರು. ನೀವು ಕಾಡಂಚಿನ ಹಳ್ಳಿಗೆ ಹೋದಾಗ ದನ ಮೇಯಿಸುವವರನ್ನು, ಜೇನು ಕೀಳುವವರನ್ನು, ರಾತ್ರಿ ಪಾಳಿಯ ಅರಣ್ಯ ವಾಚರ್‌ಗಳನ್ನು ಮಾತಾಡಿಸಿ. ಕೈಯಲ್ಲಿ ಕ್ಯಾಮೆರಾ ಇಲ್ಲದೆ ಕೂತರೆ ಇನ್ನೂ ಒಳ್ಳೆಯದು. ಅವರು ಹೇಳಿದ್ದು ಉಪಯೋಗಕ್ಕೆ ಬಂದರೆ ವರದಿಯಲ್ಲಿ ಅವರ ಹೆಸರು ಬರಲಿ. ‘ಸ್ಥಳೀಯರ ನೆರವಿನಿಂದ’ ಎಂದು ಒಂದು ಸಾಲಿನಲ್ಲಿ ಮುಗಿಸುವ ಪದ್ಧತಿ ನನಗೆ ಹಿಡಿಸುವುದಿಲ್ಲ.

ಸಿಕ್ಕ ಮೇಲೆ ಏನು ಅನ್ನುವುದು ನಿಮ್ಮ ವಯಸ್ಸಿನವರು ಕೇಳದ ಪ್ರಶ್ನೆ. ಕಲಿವಿ ಕೋಡಿಗಾಗಿ ಶ್ರೀಲಂಕಮಲ್ಲೇಶ್ವರ ಅಭಯಾರಣ್ಯವಾಯಿತು. ಆದರೂ ತೆಲುಗು ಗಂಗಾ ಕಾಲುವೆಯ ಅಗೆತ ಅದರ ನೆಲೆಯವರೆಗೆ ಬಂತು, ಜಗಳವಾಡಿ ಕಾಲುವೆಯ ದಾರಿ ಬದಲಿಸಬೇಕಾಯಿತು. ಆಮೇಲೆ ಹಕ್ಕಿ ಮತ್ತೆ ಎಷ್ಟೋ ವರ್ಷ ಯಾರಿಗೂ ಕಾಣಲಿಲ್ಲ, ಕೇಳಲಿಲ್ಲ. 2025ರ ಆಗಸ್ಟಿನಲ್ಲಿ ಪಕ್ಷಿವೀಕ್ಷಕರ ತಂಡವೊಂದು ಅದರ ಕೂಗನ್ನು ದಾಖಲಿಸಿತು. ಅಂದರೆ ಒಂದೇ ಹಕ್ಕಿ ಎರಡು ಸಲ ಕಳೆದು ಎರಡು ಸಲ ಸಿಕ್ಕಿದೆ. ಮೂರನೆಯ ಸಲ ಸಿಗುತ್ತದೆಂದು ಬರೆದುಕೊಟ್ಟವರಿಲ್ಲ.

ನಮ್ಮಲ್ಲೇನು ಬೇರೆ? ರಾಣೆಬೆನ್ನೂರಿನ ಹುಲ್ಲುಗಾವಲಿನಲ್ಲಿ ಹಿಂದೆ ಕಾಣುತ್ತಿದ್ದ ಎರೆಭೂತ ಹಕ್ಕಿ ಈಗ ಬಳ್ಳಾರಿಯ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಗೆ ಇಳಿದಿದೆ. ಅದನ್ನು ಯಾರೂ ಕಂಡುಹಿಡಿಯಬೇಕಾಗಿಲ್ಲ. ಎಲ್ಲಿದೆ ಎಂದು ಗೊತ್ತು, ಏನು ಬೇಕು ಎಂದೂ ಗೊತ್ತು: ಬಿತ್ತದೆ ಬಿಟ್ಟ ಬಯಲು, ನಾಯಿಕಾಟವಿಲ್ಲದ ಗೂಡಿನ ಜಾಗ, ಹಾರುವ ದಾರಿಯಲ್ಲಿ ವಿದ್ಯುತ್ ತಂತಿ ಇಲ್ಲದಿರುವುದು. ಆದರೆ ಇದ್ದದ್ದನ್ನು ಉಳಿಸಿದವನ ಹೆಸರು ಪೇಪರಿನಲ್ಲಿ ಬರುವುದಿಲ್ಲ. ನಮ್ಮ ಎತ್ತಿನಹೊಳೆ, ಕಾಡುಮನೆ ಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳ ನೀರು ಎತ್ತಿನಹೊಳೆ ಯೋಜನೆಯಲ್ಲಿ ಪೂರ್ವದ ಬಯಲುಸೀಮೆಯ ಕಡೆಗೆ ಏರುತ್ತಿರುವುದು ನಿಮಗೆ ತಿಳಿದದ್ದೇ. ಬಯಲುಸೀಮೆಯ ಬಾಯಾರಿಕೆ ಸುಳ್ಳೆಂದು ನಾನು ಹೇಳಲಾರೆ. ಆದರೆ ಮೊಟ್ಟೆಯನ್ನು ಹರಿಯುವ ನೀರಿನ ಜಲ್ಲಿಯಲ್ಲಿ ಹೂಳುವ ಕಪ್ಪೆಗೆ ನೀರು ಎಷ್ಟು ತಿಂಗಳು ಹರಿಯಬೇಕು ಎಂಬ ಲೆಕ್ಕ ಆ ಯೋಜನೆಯ ಯಾವ ಸಭೆಯಲ್ಲೂ ಗಟ್ಟಿಯಾಗಿ ಕೇಳಿಬಂದದ್ದನ್ನು ನಾನು ಕಾಣೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಚಾಳಿ ನಮ್ಮದು. ಅಹವಾಲು ಸಭೆಗಳಿಗೆ ಹೋಗಿ. ಬರೆದಿಟ್ಟ ಪುಸ್ತಕವನ್ನು ಜೊತೆಗೆ ಒಯ್ಯಿರಿ.

ಕೆಲವು ಸಣ್ಣ ಮಾತುಗಳಿವೆ, ಬೇಸರ ಮಾಡಿಕೊಳ್ಳಬೇಡಿ. ಇಂಬಳಕ್ಕೆಂದು ಡೆಟ್ಟಾಲು, ಹೊಗೆಸೊಪ್ಪಿನ ನೀರು, ಅದೂ ಇದೂ ಬಳಿದುಕೊಂಡ ಕೈಯಲ್ಲಿ ಕಪ್ಪೆ ಮುಟ್ಟಬೇಡಿ. ಅದು ಚರ್ಮದಿಂದಲೂ ಉಸಿರಾಡುವ, ಚರ್ಮದಿಂದಲೇ ನೀರು ಹೀರುವ ಜೀವ. ಒಂದು ಹಳ್ಳದಲ್ಲಿ ಮುಳುಗಿಸಿದ ಬೂಟನ್ನು ತೊಳೆದು ಒಣಗಿಸದೆ ಇನ್ನೊಂದಕ್ಕೆ ಇಳಿಸಬೇಡಿ. ಬೇರೆ ದೇಶಗಳಲ್ಲಿ ಕಪ್ಪೆಗಳ ಸಂತಾನವನ್ನೇ ಅಳಿಸಿದ ಕೈಟ್ರಿಡ್ ಶಿಲೀಂಧ್ರ ನಮ್ಮ ಘಟ್ಟದಲ್ಲೂ ಪತ್ತೆಯಾಗಿದೆ. ಮೊಟ್ಟೆ ಕಾಣಬೇಕೆಂದು ಎತ್ತಿದ ಕಲ್ಲನ್ನು ಇದ್ದ ಹಾಗೇ ಇಡಿ. ಅಪರೂಪದ್ದು ಸಿಕ್ಕರೆ ಜಾಗದ ಗುರುತು ಸಹಿತ ಜಾಲತಾಣಕ್ಕೆ ಏರಿಸಬೇಡಿ; ಮರುದಿನವೇ ಮೂರು ಜೀಪು ಬಂದು ನಿಲ್ಲುತ್ತವೆ. ಐನ್ಯಾಚುರಲಿಸ್ಟ್‌ನಂಥ ಕಡೆ ಅಪಾಯದಲ್ಲಿರುವ ಜೀವಿಗಳ ಜಾಗವನ್ನು ಮಸುಕು ಮಾಡುವ ಏರ್ಪಾಡಿದೆ, ಅಲ್ಲಿ ಹಾಕಿ. ಇಲ್ಲವೇ ಆ ವಿಷಯ ಬಲ್ಲ ಸಂಶೋಧಕರಿಗೆ ನೇರವಾಗಿ ಬರೆಯಿರಿ. ಮಣಿಪಾಲ, ಬೆಂಗಳೂರು, ಶಿವಮೊಗ್ಗ ಎಲ್ಲ ಕಡೆ ಉತ್ತರ ಕೊಡುವವರು ಇದ್ದಾರೆ.

ಇದನ್ನೇ ಬದುಕಾಗಿ ಮಾಡಿಕೊಳ್ಳುತ್ತೇನೆ ಅನ್ನುವವರು ನಿಮ್ಮಲ್ಲಿ ಒಬ್ಬಿಬ್ಬರು ಇದ್ದೇ ಇರುತ್ತೀರಿ. ಸಂಬಳ ಕಡಿಮೆ, ಯೋಜನೆ ಮುಗಿದರೆ ಕೆಲಸವೂ ಮುಗಿಯುತ್ತದೆ, ಮನೆಯಲ್ಲಿ ‘ಕಪ್ಪೆ ಎಣಿಸೋಕೆ ಎಂಎಸ್ಸಿ ಓದಿಸಬೇಕಿತ್ತಾ’ ಅನ್ನುತ್ತಾರೆ. ಅಪ್ಪ ಅಮ್ಮನ ಮೇಲೆ ಸಿಟ್ಟಾಗಬೇಡಿ. ಒಂದು ಸಂಜೆ ಹಳ್ಳಕ್ಕೆ ಕರೆದುಕೊಂಡು ಬನ್ನಿ. ಅಭಯಾರಣ್ಯದೊಳಗೆ ಕೆಲಸ ಮಾಡಬೇಕಾದರೆ ಅರಣ್ಯ ಇಲಾಖೆಯ ಅನುಮತಿಗೆ ತಿಂಗಳುಗಟ್ಟಲೆ ಮುಂಚೆಯೇ ಅರ್ಜಿ ಹಾಕಿ, ತಡವಾದೀತೆಂದು ಕದ್ದು ನುಗ್ಗಬೇಡಿ. ಅನುಮತಿ ಬರುವವರೆಗೆ ಸುಮ್ಮನೆ ಕೂರುವುದೂ ಬೇಡ. ರಸ್ತೆಬದಿಯ ತೊರೆ, ನಿಮ್ಮ ಅಜ್ಜಿ ಮನೆಯ ಅಡಿಕೆ ತೋಟದ ಕಾಲುವೆ, ಕಾಲೇಜಿನ ಹಿಂದಿನ ಕೆರೆ, ಇವುಗಳ ಕಪ್ಪೆಗಳ ಪಟ್ಟಿ ಇನ್ನೂ ಯಾರೂ ಮಾಡಿಲ್ಲ. ಪಟ್ಟಿ ಮಾಡಿದರೆ ಎರಡು ಪ್ರತಿ ಮಾಡಿ, ಒಂದನ್ನು ಕಾಲೇಜಿನ ಗ್ರಂಥಾಲಯಕ್ಕೆ ಕೊಟ್ಟು ರಸೀದಿ ಪಡೆಯಿರಿ.